ಅಕ್ಕ ಮಲಗು ಅಂತಾಳೆ, ಫಿಸಿಯೋ ಏಳಿ ಅಂತಾರೆ

ಬಗ್ಗಿ ಕಾಲುಚೀಲ ಹಾಕಿಕೊಳ್ಳುತ್ತಿದ್ದೆ, ಸೊಂಟ ಹಿಡಿದುಕೊಂಡಿತು. ಬಲಗಾಲಿನ ಚೀಲ ಕೈಯಲ್ಲೇ ಉಳಿಯಿತು. ಅಕ್ಕನಿಗೆ ಫೋನ್ ಮಾಡಿದರೆ, "ಅಲ್ಲಾಡಬೇಡ ಕಣೋ. ಎಂಟು ದಿನ ಮಲಗಿಬಿಡು. ಒಂದು ಬೆಲ್ಟ್ ತಗೋ" ಅಂದಳು. ಇಲ್ಲಿನ ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದೇ, "ಇವತ್ತು ಎಷ್ಟು ನಡೆದಿರಿ?"

ಊರು ಬಿಟ್ಟು ಹನ್ನೆರಡು ವರ್ಷವಾದರೂ ನನ್ನ ಮನಸ್ಸು ಅಕ್ಕನ ಕಡೆಗೇ. ನೋಯುವ ಜಾಗದಲ್ಲಿ ಯಾರಾದರೂ ಕೈಯಿಟ್ಟು ಒತ್ತಿದರೇನೇ ನನಗೆ ಅದು ಚಿಕಿತ್ಸೆ. ಫಿಸಿಯೋ ಒತ್ತಿದರು ಕೂಡ. ಟಕ್ ಅಂತ ಸದ್ದು ಬಂತು. "ಮೂಳೆ ಕೂತುಕೊಂಡಿತಾ?" ಅಂದೆ. "ಮೂಳೆ ಎಲ್ಲೂ ಹೋಗಿರಲಿಲ್ಲ. ಅದು ಕೀಲಿನ ದ್ರವದೊಳಗಿನ ಅನಿಲದ ಸದ್ದು" ಎಂದು ನಕ್ಕರು. ಹಗುರವಾಗಿದ್ದಂತೂ ನಿಜ. ಮರುದಿನ ಸಂಜೆಗೆ ಬಿಗಿತ ವಾಪಸ್ಸು.

ಆ ಒಂದು ದಿನದ ಬಿಡುವಿನಲ್ಲೇ ಕೆಲಸ ಶುರುವಾಗಬೇಕಿತ್ತು, ನಾನು ಸುಮ್ನೆ ಸೋಫಾ ಮೇಲೆ ಕಳೆದಿದ್ದೆ. ಎರಡನೇ ಸಲ ಕೈ ಇಟ್ಟ ಕೂಡಲೇ ನೆಲಕ್ಕಿಳಿಸಿದರು. ಅಂಬೆಗಾಲಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಬೇಕು. ಸೊಂಟದ ಮೇಲೆ ನೀರು ತುಂಬಿದ ಲೋಟ ಇದೆ ಅಂದುಕೊಳ್ಳಬೇಕು, ಚೆಲ್ಲಬಾರದು. ಮೊದಲ ವಾರ ನನ್ನ ಲೋಟ ನಿಂತದ್ದೇ ಇಲ್ಲ.

ಮೂರು ತಿಂಗಳು ಮೀರಿದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ವ್ಯಾಯಾಮಕ್ಕೂ ಜಾಗವಿದೆ, ಮಸಾಜಿಗೂ ಇದೆ. ಆದರೆ ಬೆಲ್ಟ್ ಬೇಡ, ಬೆನ್ನನ್ನು ಎಳೆದು ಹಿಡಿಯುವ ಟ್ರಾಕ್ಷನ್ನೂ ಬೇಡ ಅಂದಿದೆ. ನೋವು ವಾಸಿಯಾದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಒಟ್ಟು 701 ಜನ. ಕ್ರಮವಾಗಿ ನಡೆದವರಲ್ಲಿ ನೋವು ಮರಳುವುದಕ್ಕೆ ಸುಮಾರು 208 ದಿನ ಹಿಡಿದರೆ, ಉಳಿದವರಲ್ಲಿ 112. ನಡಿಗೆ, ಜೊತೆಗೆ ಫಿಸಿಯೋ ಕೊಟ್ಟ ತಿಳಿವಳಿಕೆ, ಅಷ್ಟೇ ಕಣ್ರೀ!

ಹಾಗಂತ ಇಲ್ಲಿನದೆಲ್ಲ ಸರಿ ಅನ್ನಲಾರೆ. ಮುಟ್ಟಿಯೂ ನೋಡದೆ, ಚಿತ್ರವಿರುವ ಹಾಳೆ ಕೈಗಿಟ್ಟು ಕಳಿಸುವವರೂ ಇದ್ದಾರೆ. ಬಗ್ಗಿದರೆ ಬೆನ್ನು ಮುರಿದೇ ಹೋಗುತ್ತೆ ಅಂತ ಹೆದರಿದವನು ಹಾಳೆ ನೋಡಿ ಬಗ್ಗುತ್ತಾನಾ? ನನ್ನ ಫಿಸಿಯೋ ಅಂಗೈ ಬೆನ್ನಿನ ಮೇಲಿತ್ತು, ಅದಕ್ಕೇ ನಾನು ಧೈರ್ಯವಾಗಿ ಬಗ್ಗಿದೆ. ಕೈಯಿಟ್ಟು ಒತ್ತುವುದರ ಬೆಲೆ ಇರುವುದು ಅಲ್ಲಿ. ಕಾಲಿನ ಬಲ ಹೋದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಮಾತ್ರ ಒತ್ತುವುದೂ ಬೇಡ, ವ್ಯಾಯಾಮವೂ ಬೇಡ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಮೊನ್ನೆ ಅಕ್ಕನ ಫೋನ್ ಬಂತು.

"ಯಾಕೋ ಏದುಸಿರು?"

"ನಡೀತಾ ಇದ್ದೀನಿ ಅಕ್ಕ."

"ಸರಿ ಬಿಡು. ಬೆಲ್ಟ್ ಹಾಕ್ಕೊಂಡಿದ್ದೀಯ ತಾನೇ?"