ಹಾರ್ಮೋನಿಯಂ ಹಾಳಾಗಿಲ್ಲ

ನಮ್ಮ ಮನೆಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಮಾಡುವ ಕೆಲಸ ಒಂದೇ. ಹಾಲಿನ ಮೂಲೆಯಲ್ಲಿರುವ ಹಾರ್ಮೋನಿಯಂ ಹತ್ತಿರ ಹೋಗುತ್ತಾರೆ. ಮೇಲಿನ ಬಟ್ಟೆಯನ್ನು ಕೇಳದೇ ಸರಿಸುತ್ತಾರೆ. ತೋರುಬೆರಳಿನಿಂದ ಒಂದು ಬಿಳಿ ಮನೆ, ಅಂದರೆ ಕೀ, ಒತ್ತುತ್ತಾರೆ. ಟಕ್. ಪಕ್ಕದ್ದು ಒತ್ತುತ್ತಾರೆ. ಟಕ್. ಆಮೇಲೆ ನನ್ನ ಕಡೆ ತಿರುಗಿ, ತುಂಬ ಕನಿಕರದಿಂದ, "ಅಯ್ಯೋ, ಹಾಳಾಗಿದ್ಯಾ?"

ಹಾಳಾಗಿಲ್ಲ, ಹಿಂದಿರುವ ಗಾಳಿಯ ತಿದಿ ಒತ್ತಬೇಕು ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಹೀಗೆ ಕೇಳಿದವರಲ್ಲಿ ಇಂಜಿನಿಯರುಗಳಿದ್ದಾರೆ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವರೂ ಇದ್ದಾರೆ. ಗಾಳಿ ಹೋಗದೆ ಒಳಗೆ ಸ್ವರ ಹೊರಡಿಸುವ ರೀಡು ಹೇಗೆ ಅಲುಗಬೇಕು ಅನ್ನುವ ಯೋಚನೆ ಯಾರಿಗೂ ಬರುವುದಿಲ್ಲ. ಹೇಳಿಕೊಟ್ಟರೆ ಇನ್ನೊಂದು ಅವಾಂತರ. ಎಡಗೈಯಲ್ಲಿ ತಿದಿಯನ್ನು ಪಟಪಟ ಬಡಿಯುತ್ತಾರೆ, ಬಲಗೈಯ ಐದೂ ಬೆರಳು ಊರಿ ಭೋಂ ಅನ್ನಿಸುತ್ತಾರೆ, ಒಂದಿಷ್ಟು ನಗುತ್ತಾರೆ, ಹೋಗಿ ಸೋಫಾದಲ್ಲಿ ಕೂರುತ್ತಾರೆ. ಬಟ್ಟೆ ಮುಚ್ಚುವ ಕೆಲಸ ನನ್ನದು.

ಕಾಫಿ ಲೋಟ ಕೈಗೆ ಬಂದ ಮೇಲೆ ಎರಡು ಮಾತಿನಲ್ಲಿ ಒಂದು ಬಂದೇ ಬರುತ್ತದೆ. "ನಾನೂ ಚಿಕ್ಕೋನಿದ್ದಾಗ ಕಲೀತಿದ್ದೆ, ಆಮೇಲೆ ಬಿಟ್ಟೋಯ್ತು" ಅನ್ನುವುದು ಒಂದು. "ರಿಟೈರ್ ಆದ್ಮೇಲೆ ಏನಾದ್ರೂ ಕಲೀಬೇಕು ಅಂತಿದೆ" ಅನ್ನುವುದು ಇನ್ನೊಂದು. ಬಿಟ್ಟೋಯ್ತು ಅನ್ನುವವರ ಮುಖ ಗಮನಿಸಿ, ಅವರು ಬಿಟ್ಟದ್ದಲ್ಲ, ಬಸ್ಸು ಇವರನ್ನು ಬಿಟ್ಟು ತಾನೇ ಹೊರಟುಹೋಯಿತು ಅನ್ನುವ ಹಾಗಿರುತ್ತದೆ. ಎಸ್ಸೆಸ್ಸೆಲ್ಸಿ ಬಂತು, ಮೇಷ್ಟ್ರಿಗೆ ಟ್ರಾನ್ಸ್‌ಫರ್ ಆಯ್ತು, ಮದುವೆಯಾಯ್ತು. ಕಲಿಯಬೇಕು ಅನ್ನುವವರಿಗೆ ಯಾವ ವಾದ್ಯ ಅನ್ನುವುದು ಇನ್ನೂ ತೀರ್ಮಾನ ಆಗಿರುವುದಿಲ್ಲ. ಕೊಳಲು ಆಗಬಹುದು, ಗಿಟಾರ್ ಆಗಬಹುದು, ತಬಲಾ ಅಂದರೂ ಇಷ್ಟವೇ. ಪರಿಚಯದವರೊಬ್ಬರು ವೀಣೆಯನ್ನೇ ತಂದು ಅದಕ್ಕೆ ಗಾಜಿನ ಕಪಾಟು ಮಾಡಿಸಿ, ಒಳಗೆ ದೀಪ ಹಾಕಿಸಿ, ಬೀಗ ಜಡಿದಿದ್ದಾರೆ. ಒಮ್ಮೆ ಮೀಟಿ ನೋಡಬಹುದಾ ಅಂದರೆ ಬೀಗದ ಕೈ ಹುಡುಕಬೇಕಂತೆ.

ಆದರೆ ಬಿಟ್ಟವರ ಸಂಘದಲ್ಲಿ ಹಾರ್ಮೋನಿಯಂನವರೇ ಜಾಸ್ತಿ. ಯಾಕೆ ಅನ್ನುವುದಕ್ಕೆ ನನ್ನದೊಂದು ಸಿದ್ಧಾಂತವಿದೆ. ವಯಲಿನ್ ನೇರ ಮಾತಿನ ವಾದ್ಯ. ಮೊದಲ ದಿನವೇ ಕಿರ್ರ್ ಅಂದು, ನಿನ್ನ ಕೈಲಿ ಇದು ಆಗದು ಅಂತ ಮುಖಕ್ಕೆ ಹೇಳಿಬಿಡುತ್ತದೆ. ಕೊಳಲಿನವರದು ವಾರಗಟ್ಟಲೆ ಬರೀ ಉಸಿರು. ಹಾರ್ಮೋನಿಯಂ ಹಾಗಲ್ಲ. ಮಗು ಒತ್ತಿದರೂ ಷಡ್ಜ (ಸರಿಗಮದ ಸ) ಷಡ್ಜವೇ, ಪಂಡಿತರು ಒತ್ತಿದರೂ ಅದೇ ಷಡ್ಜ. ಮೊದಲ ದಿನ ಸರಿಗಮ ಬರುತ್ತದೆ. ಸ್ವಲ್ಪ ದಿನದಲ್ಲಿ ಒಂದು ದೇವರನಾಮ. ನೆಂಟರು ಬಂದಾಗ ಪ್ರದರ್ಶನ. ಆಮೇಲೆ ಗಾಡಿ ಒಂದಿಂಚೂ ಮುಂದೆ ಹೋಗುವುದಿಲ್ಲ. ಕಲಿಯುವುದು ಇನ್ನೂ ಶುರುವೇ ಆಗಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬಂದಿರುತ್ತದೆ. ಸಿದ್ಧಾಂತ ಇಷ್ಟೇ ಅಲ್ಲ, ಇದರ ಮುಖ್ಯ ಭಾಗ ಇನ್ನೂ ಇದೆ. ಆದರೆ ಅದಕ್ಕೆ ಮೊದಲು ರೇಡಿಯೋದ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ನಿಷೇಧವಾಯಿತು. ಹೆಂಡವಲ್ಲ, ಮದ್ದುಗುಂಡಲ್ಲ, ಹಾರ್ಮೋನಿಯಂ. ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿದೆ, ಇಲ್ಲಿ ಸ್ವಾತಂತ್ರ್ಯದ ಹೋರಾಟ ನಡೆದಿದೆ, ದೆಹಲಿಯಲ್ಲಿ ಕೂತವರಿಗೆ ಈ ಪೆಟ್ಟಿಗೆಯ ಚಿಂತೆ. ಇದಕ್ಕೆ ಎರಡು ವರ್ಷ ಮುಂಚೆ, 1938ರಲ್ಲಿ, ರೇಡಿಯೋದ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಅನ್ನುವ ಬ್ರಿಟಿಷ್ ಸಂಗೀತಗಾರರು ರೇಡಿಯೋದ ಪತ್ರಿಕೆಯಲ್ಲಿ ಹಾರ್ಮೋನಿಯಂ ವಿರುದ್ಧ ಒಂದು ಖಾರವಾದ ಲೇಖನ ಬರೆದಿದ್ದರು. ವಾದ ಸುಳ್ಳೇನಲ್ಲ. ಸಪ್ತಕವನ್ನು ಹನ್ನೆರಡು ಸಮ ಭಾಗ ಮಾಡಿ ಗೂಟ ಹೊಡೆದಿಟ್ಟ ವಾದ್ಯ ಇದು. ನಮ್ಮ ಸ್ವರಗಳು ಆ ಗೂಟಗಳ ನಡುವೆ ಓಡಾಡಿಕೊಂಡಿರುವಂಥವು. ತೋಡಿ ರಾಗದ ಗಾಂಧಾರವನ್ನು, ಅಂದರೆ ಗ ಸ್ವರವನ್ನು, ಒಂದು ಮನೆಯಲ್ಲಿ ಕೂರಿಸುತ್ತೇನೆ ಅಂದರೆ ಅದು ಕೂರುವುದಿಲ್ಲ. ದರ್ಬಾರಿ ರಾಗದ ಗಾಂಧಾರ ತೂಗಾಡಬೇಕು, ಇಲ್ಲಿ ಸೆಟೆದು ನಿಲ್ಲುತ್ತದೆ. ಸ್ವರವನ್ನು ತೂಗಿಸುವ ಗಮಕವಿಲ್ಲ, ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇಲ್ಲ. ಒಪ್ಪಿದೆ.

ರವೀಂದ್ರನಾಥ ಟ್ಯಾಗೋರರೂ ಇದೇ ಅಭಿಪ್ರಾಯದವರು. ನಮ್ಮ ಆಶ್ರಮದಲ್ಲಿ ಇದಕ್ಕೆ ಜಾಗವಿಲ್ಲ, ರೇಡಿಯೋದಲ್ಲೂ ಬೇಡ ಎಂದು ಕಲ್ಕತ್ತಾ ಕೇಂದ್ರಕ್ಕೆ ಪತ್ರವನ್ನೇ ಬರೆದರು. ಮಜಾ ಇರುವುದು ಇಲ್ಲೇ. ಇದು ಪರದೇಶಿ ವಾದ್ಯ, ಭಾರತದ ಸಂಗೀತ ಕೆಡಿಸುತ್ತದೆ ಎಂದು ಭಾರತೀಯರೂ ಸಿಟ್ಟಾದರು, ಪರದೇಶದವರೂ ಸಿಟ್ಟಾದರು. ಬೇರೆ ಯಾವ ವಿಷಯದಲ್ಲಿ ಇವರಿಬ್ಬರಿಗೆ ಇಷ್ಟು ಒಮ್ಮತವಿತ್ತು ಹೇಳಿ? 1947ರಲ್ಲಿ ಬ್ರಿಟಿಷರು ಹೊರಟುಹೋದರು. ನಿಷೇಧ ಇಲ್ಲೇ ಉಳಿಯಿತು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದರು. ಅವರ ಕಾಲದಲ್ಲಿ ಸಿನಿಮಾ ಹಾಡುಗಳಿಗೂ ರೇಡಿಯೋದ ಬಾಗಿಲು ಮುಚ್ಚಿತು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕಿಕೊಂಡರು. ಕೊನೆಗೆ ಸರ್ಕಾರವೇ ಸೋತು 1957ರಲ್ಲಿ ವಿವಿಧ ಭಾರತಿ ಶುರುಮಾಡಬೇಕಾಯಿತು. ಸಿನಿಮಾ ಹಾಡಿಗೆ ಸಿಲೋನ್ ಇತ್ತು. ಹಾರ್ಮೋನಿಯಂಗೆ ಯಾವ ಸಿಲೋನೂ ಇರಲಿಲ್ಲ. 1971ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ಅದೂ ಪಕ್ಕವಾದ್ಯವಾಗಿ, ಆಯ್ದ ಕಲಾವಿದರಿಗೆ ಮಾತ್ರ. ಮೂವತ್ತೊಂದು ವರ್ಷ! ಒಬ್ಬ ಗುಮಾಸ್ತ ಕೆಲಸಕ್ಕೆ ಸೇರಿ, ಪಿಂಚಣಿ ಕಾಗದ ಸಿದ್ಧ ಮಾಡಿಕೊಳ್ಳುವಷ್ಟು ಕಾಲ.

ಈ ಮೂವತ್ತೊಂದು ವರ್ಷದಲ್ಲಿ ಸ್ಟುಡಿಯೋದ ಹೊರಗಡೆ ಏನು ನಡೆಯುತ್ತಿತ್ತು? ಎಲ್ಲ ಕಡೆ ಹಾರ್ಮೋನಿಯಂ ನುಡಿಯುತ್ತಿತ್ತು. ಬೆಳಗಾವಿಯ ಪಂಡಿತ ರಾಂಭಾವು ಬಿಜಾಪುರೆ (1917–2010) ಇಡೀ ಬದುಕನ್ನೇ ಇದಕ್ಕೆ ಕೊಟ್ಟವರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅಂಥವರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದರು. ಸ್ವರಜ್ಞಾನ ಅವರಿಗಿಂತ ಜಾಸ್ತಿ ಇದ್ದ ಅಧಿಕಾರಿ ಯಾರಪ್ಪಾ ಇದ್ದದ್ದು ದೆಹಲಿಯಲ್ಲಿ?

ಇನ್ನು ಪರದೇಶಿ ಅನ್ನುವ ಮಾತು. ವಯಲಿನ್ ಯಾವ ಊರಿನದು? ಬಾಲುಸ್ವಾಮಿ ದೀಕ್ಷಿತರು (1786–1859) ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಇವತ್ತು ವಯಲಿನ್ ಇಲ್ಲದೆ ಕಛೇರಿಯೇ ಇಲ್ಲ. ಮೈಸೂರು ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಆಕಾರದಲ್ಲಿ ಬೆಂಗಳೂರಿನಲ್ಲಿ ಒಂದು ಸಭಾಂಗಣವನ್ನೇ ಕಟ್ಟಿದ್ದಾರೆ. ಸ್ಯಾಕ್ಸೊಫೋನ್ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದದ್ದು 1846ರಲ್ಲಿ. ಹಾರ್ಮೋನಿಯಂನದೂ ಅದೇ ಪ್ಯಾರಿಸ್, ಅದೇ ದಶಕ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದರಲ್ಲಿ ಕೃತಿಗಳನ್ನು ನುಡಿಸಿದರು, ನಾವೆಲ್ಲ ತಲೆದೂಗಿದೆವು. ಅದೆಲ್ಲ ಸರಿ, ಅವು ಗಮಕ ನುಡಿಸಬಲ್ಲವು ಅನ್ನುತ್ತೀರಿ. ನಿಮ್ಮ ಗಮಕ ನಿಮಗೇ ಇರಲಿ. ಕಾಲಲ್ಲಿ ಒತ್ತುವ ತಿದಿಯನ್ನು ಹಿಂದಕ್ಕೆ ತಂದು, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ನುಡಿಸುವ ಹಾಗೆ ಇದನ್ನು ತಿದ್ದಿದವರು ಕಲ್ಕತ್ತಾದ ದ್ವಾರಕಾನಾಥ ಘೋಷ್. ನಮ್ಮ ಜೊತೆ ಚಾಪೆಯ ಮೇಲೆ ಕೂತ ಮೇಲೂ ಪರದೇಶಿಯೇ?

ಗಮಕ ಬಾರದ ಈ ಗುಣದಿಂದ ಎಂಥ ಉಪಕಾರ ಆಗುತ್ತದೆ ಅನ್ನುವುದನ್ನು ಆ ಅಧಿಕಾರಿಗಳು ನಮ್ಮ ಕಡೆ ಒಂದು ಪೌರಾಣಿಕ ನಾಟಕ ನೋಡಿದ್ದರೆ ತಿಳಿದುಕೊಳ್ಳುತ್ತಿದ್ದರು. ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ನಾಟಕ ಕಲಿಸುವವರಿಗೆ ಹಾರ್ಮೋನಿಯಂ ಮೇಷ್ಟ್ರು ಎಂದೇ ಹೆಸರು. ಹಾಡು ಹೇಳಿಕೊಡುವವರು ಅವರೇ, ಮಾತು ತಿದ್ದುವವರು ಅವರೇ, ಜಗಳ ಬಿಡಿಸುವವರೂ ಅವರೇ. ಪಾತ್ರ ಹಂಚುವ ಅಧಿಕಾರ ಮಾತ್ರ ಅವರದಲ್ಲ. ಜಾಸ್ತಿ ದುಡ್ಡು ಹಾಕಿದವರಿಗೆ ದೊಡ್ಡ ಪಾತ್ರ. ಹಾಗಾಗಿ ನಮ್ಮ ಊರಿನ ದುರ್ಯೋಧನನಿಗೆ ಗದ್ದೆ ಇತ್ತು, ತೋಟ ಇತ್ತು, ಶ್ರುತಿ ಇರಲಿಲ್ಲ.

ಆ ಮೇಷ್ಟ್ರ ಕೈಯನ್ನು ನಾನು ರಂಗದ ಕೆಳಗೆ ಕೂತು ನೋಡುತ್ತಿದ್ದೆ. ದುರ್ಯೋಧನ ಗದೆ ಊರಿ ಕಂದಪದ್ಯ ಎತ್ತಿಕೊಳ್ಳುತ್ತಿದ್ದ. ಮೊದಲ ಸಾಲು ಕೊಟ್ಟ ಶ್ರುತಿಯಲ್ಲೇ ಇರುತ್ತಿತ್ತು. ಎರಡನೇ ಸಾಲಿಗೆ ಆವೇಶ ಬಂದು ಒಂದು ಮನೆ ಮೇಲೆ ಹೋಗುತ್ತಿದ್ದ. ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಅವರದು ಕಾಲಲ್ಲಿ ತುಳಿಯುವ ಹಾರ್ಮೋನಿಯಂ, ಎರಡೂ ಕಾಲು ಒಂದರ ಹಿಂದೆ ಒಂದು ತಿದಿ ತುಳಿಯುತ್ತಲೇ ಇರುತ್ತಿದ್ದವು. ಬಲಗೈ ಮಾತ್ರ, ಯಾರಿಗೂ ಗೊತ್ತಾಗದ ಹಾಗೆ, ಒಂದು ಮನೆ ಆಚೆ ಸರಿಯುತ್ತಿತ್ತು. ಷಡ್ಜವೇ ಎದ್ದು ದುರ್ಯೋಧನನ ಹಿಂದೆ ಹೊರಡುತ್ತಿತ್ತು. ಅವನು ಉಸಿರು ಸಾಲದೆ ಕೆಳಗೆ ಬಿದ್ದರೆ ಕೈಯೂ ಕೆಳಗೆ. ಪದ್ಯ ಮುಗಿಯುವ ಹೊತ್ತಿಗೆ ಇಬ್ಬರೂ ಎಲ್ಲಿಗೋ ತಲುಪಿರುತ್ತಿದ್ದರು, ಆದರೆ ಜೊತೆಯಲ್ಲಿ ತಲುಪಿರುತ್ತಿದ್ದರು. ಜನ ಒನ್ಸ್ ಮೋರ್ ಅಂತ ಕೂಗುತ್ತಿದ್ದರು. ಸಾರಂಗಿಯವರಾಗಿದ್ದರೆ ಎರಡನೇ ಸಾಲಿಗೇ ಕಮಾನು ಕೆಳಗಿಟ್ಟು ಬೀಡಿ ಹಚ್ಚಲು ಹೋಗುತ್ತಿದ್ದರು.

ಈಗ ನಾಟಕಕ್ಕೂ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿದೆ. ಗುಡುಗು ಬೇಕಾ ಗುಡುಗು, ಕುದುರೆ ಬೇಕಾ ಕುದುರೆ. ಮದುವೆ ಮನೆಯಲ್ಲಂತೂ ವಾದ್ಯದವರನ್ನು ಕರೆಸಿ, ಅವರು ನುಡಿಸುತ್ತಿರುವಾಗಲೇ ಸ್ಪೀಕರಿನಲ್ಲಿ ಇನ್ನೊಂದು ಹಾಡು ಹಾಕುತ್ತಾರೆ. ಅದರ ಬಗ್ಗೆ ಮಾತಾಡಿದರೆ ನನ್ನ ಬಿಪಿ ಏರುತ್ತದೆ, ಬಿಡಿ.

ಸಿದ್ಧಾಂತದ ಮುಖ್ಯ ಭಾಗ ಹೇಳುತ್ತೇನೆ ಅಂದಿದ್ದೆ, ಅಲ್ವಾ? ಅದನ್ನು ಸರಿಯಾಗಿ ಯೋಚಿಸಿ ಬರೆಯೋಣ ಅಂತ ಕೂತಾಗಲೇ ಮಳೆ ಹಿಡಿದು, ಮರ ಹಿಗ್ಗಿ, ಒಂದು ಮನೆ ಒಳಗೆ ಕಚ್ಚಿಕೊಂಡಿತು. ತಿದಿ ಮುಟ್ಟಿದರೆ ಸಾಕು, ಯಾರೂ ಒತ್ತದೆ ಪಂಚಮ ತಾನಾಗಿ ಕೂಗುತ್ತದೆ. ರಿಪೇರಿಯವರು ಬಂದರು. ಮೇಲಿನ ಹಲಗೆ ತೆಗೆದು, ಕಚ್ಚಿದ ಮನೆಯ ಪಕ್ಕವನ್ನು ಉಪ್ಪುಕಾಗದದಲ್ಲಿ ನಾಲ್ಕು ಸಲ ಉಜ್ಜಿದರು. ಹೇಗೂ ಬಿಚ್ಚಿದ್ದೇನೆ ಅಂತ ಹಿತ್ತಾಳೆಯ ರೀಡುಗಳನ್ನೂ ನೋಡಿದರು. ಒಂದು ರೀಡಿನ ನಾಲಿಗೆ ಎತ್ತಿ, ಕೆಳಗೆ ತೆಳ್ಳನೆಯ ತಗಡು ತೂರಿಸಿ, ತುದಿಯನ್ನು ಒಂದಿಷ್ಟೇ ಕೆರೆದರು. ಸ್ವರ ಕೂದಲೆಳೆಯಷ್ಟು ಮೇಲೆದ್ದಿತು. ಜಾಸ್ತಿ ಆದರೆ ಬುಡದಲ್ಲಿ ಕೆರೆದು ಇಳಿಸುತ್ತಾರಂತೆ. ನಿಮಗೆ ನುಡಿಸಲು ಬರುತ್ತದಾ ಅಂತ ಕೇಳಿದೆ. "ಇಲ್ಲ ಸಾರ್, ನಮ್ಗೆ ಅದೆಲ್ಲ ಟೈಮ್ ಎಲ್ಲಿ" ಅಂದರು. ರಿಟೈರ್ ಆದ ಮೇಲೆ ಕಲಿಯುತ್ತೇನೆ ಅನ್ನಲಿಲ್ಲ. ಅದಕ್ಕೇ ಅವರ ಮೇಲೆ ಗೌರವ ಬಂತು.

ಅದೇ ವಾರ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಹೊಸ ಕೀಬೋರ್ಡ್ ತಂದಿದ್ದಾನೆ. "ಮಾವ, ಇದ್ರಲ್ಲಿ ಹಾರ್ಮೋನಿಯಂ ಸೌಂಡೂ ಇದೆ ನೋಡಿ" ಅಂದ. ಎಡಗಡೆ ಒಂದು ಸಣ್ಣ ಚಕ್ರ. ಮನೆ ಒತ್ತಿಕೊಂಡು ಅದನ್ನು ತಿರುಗಿಸಿದರೆ ಸ್ವರ ಬಾಗುತ್ತದೆ, ಜಾರುತ್ತದೆ, ತೂಗುತ್ತದೆ. ಫೌಲ್ಡ್ಸ್ ಸಾಹೇಬರ ಆಕ್ಷೇಪಕ್ಕೆ ಉತ್ತರ ಕೊನೆಗೂ ಬಂದಿದೆ, ಪ್ಲಾಸ್ಟಿಕ್ಕಿನಲ್ಲಿ. ಎಲ್ಲಿ, ಆ ಗಾಂಧಾರ ಒಂಚೂರು ತೂಗಿಸು ಅಂದೆ. ಅವನು ಚಕ್ರ ಆಡಿಸಿದ. ಅಕ್ಕ ಒಳಗಿನಿಂದ, "ಏ, ಯಾರಿಗೋ ಏನೋ ಆಯ್ತು ನೋಡ್ರೋ" ಅಂತ ಓಡಿಬಂದಳು.

ಹುಡುಗ ಚಕ್ರದಿಂದ ಕೈ ತೆಗೆದು, ಅದೇ ಹಾರ್ಮೋನಿಯಂ ದನಿಯಲ್ಲಿ ಒಂದು ಸಿನಿಮಾ ಹಾಡು ನುಡಿಸಿದ. ಹನ್ನೆರಡು ಮನೆ, ಸೆಟೆದ ಸ್ವರ, ಗಮಕದ ಸುಳಿವಿಲ್ಲ. ಅಕ್ಕ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿದಳು. ನಾನೂ ತಾಳ ಹಾಕಿದೆ. "1952ರಲ್ಲಾಗಿದ್ರೆ ನಿನ್ನ ಮೇಲೆ ಎರಡೆರಡು ಕೇಸ್ ಬೀಳ್ತಿತ್ತು ಕಣೋ" ಅಂದೆ. ಅವನು ಯಾವ ಕೇಸು ಅಂತಲೂ ಕೇಳಲಿಲ್ಲ. ಹೆಡ್‌ಫೋನ್ ಸಿಕ್ಕಿಸಿಕೊಂಡು ಮುಂದಿನ ಹಾಡಿಗೆ ಹೋದ.