ಐಟಿಐ ಸೇರಿದರೆ ಡಿಗ್ರಿ ಬಾಗಿಲು ಮುಚ್ಚುವುದಿಲ್ಲ

'ಹತ್ತನೇ ಕ್ಲಾಸ್ ಆಗಿ ಐಟಿಐ ಸೇರಿದರೆ ಮುಂದೆ ಡಿಗ್ರಿ ಮಾಡುವ ಹಾಗಿಲ್ಲ' ಎಂಬ ಸಂದೇಶ ಕಾಸರಗೋಡಿನ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಎಲೆಕ್ಟ್ರಿಷಿಯನ್, ಫಿಟ್ಟರ್‌ನಂಥ ಎರಡು ವರ್ಷದ ಟ್ರೇಡ್ (ಕಸುಬಿನ ಕೋರ್ಸ್) ಮುಗಿಸಿದವರು ಕೇರಳದ ಪಾಲಿಟೆಕ್ನಿಕ್‌ಗಳಲ್ಲಿ ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಅರ್ಜಿ ಹಾಕಬಹುದು. ಇದೇ ಲ್ಯಾಟರಲ್ ಎಂಟ್ರಿ. ದೂರ ಹೋಗಬೇಕಿಲ್ಲ, ಪೆರಿಯದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಆದ ಮೇಲೆ ಪ್ರವೇಶ ಪರೀಕ್ಷೆ ಬರೆದು ಬಿ.ಟೆಕ್ ಎರಡನೇ ವರ್ಷಕ್ಕೂ ಸೇರಬಹುದು. ಬಿ.ಎ., ಬಿ.ಕಾಂ. ಆಸೆ ಇದ್ದವರಿಗೆ ಪ್ಲಸ್ ಟು (ಪಿಯುಸಿಗೆ ಸಮ) ಬೇಕು, ನಿಜ. ಅದನ್ನು ಓಪನ್ ಸ್ಕೂಲ್ ಮೂಲಕ ಬರೆಯಬಹುದಲ್ವಾ?

ಒಂದು ಎಚ್ಚರಿಕೆ ಮಾತ್ರ. ಈ ಲ್ಯಾಟರಲ್ ಎಂಟ್ರಿ ಎರಡು ವರ್ಷದ ಟ್ರೇಡ್‌ಗೆ; ವೆಲ್ಡರ್ ಒಂದೇ ವರ್ಷದ ಟ್ರೇಡ್. ಲ್ಯಾಟರಲ್ ಸೀಟುಗಳೂ ಕಡಿಮೆ, ಮಾರ್ಕ್ ಚೆನ್ನಾಗಿರಬೇಕು.

ಮೊನ್ನೆ ನೆರೆಮನೆಯ ತಾಯಿಯೊಬ್ಬರು ಮಗನ ಫಾರ್ಮ್ ಹಿಡಿದು ಬಂದಿದ್ದರು. 'ಐಟಿಐ' ಎಂದು ಬರೆದಲ್ಲಿ ಪೆನ್ನಿನಿಂದ ಎರಡು ಸಲ ಗೀಚಿ ಹೊಡೆದು ಹಾಕಿದ್ದರು. ಆ ಹುಡುಗ ನಮ್ಮ ತೋಟದ ಪಂಪಿನ ಸ್ಟಾರ್ಟರ್ ಬಿಚ್ಚಿ, ಸುಟ್ಟ ವಯರ್ ಬೆರಳಲ್ಲೇ ಗುರುತಿಸಿದವನು. ನನಗೆ ನಿಜವಾಗಿಯೂ ಸಂಕಟವಾಯಿತು. ಸುಮ್ನೆ ಸಂದೇಶ ನಂಬಿ ಫಾರ್ಮಿನಿಂದ ಐಟಿಐ ಹೆಸರು ಅಳಿಸಬೇಡಿ. ವಿದ್ಯಾನಗರದ ಸರ್ಕಾರಿ ಐಟಿಐಗೆ ಹೋಗಿ, ಟ್ರೇಡ್ ಎಷ್ಟು ವರ್ಷದ್ದು ಎಂದು ಕೇಳಿ ಬನ್ನಿ.