ಯಾರ ಗೇಣು, ಯಾರ ಅಡಿ?

ಕ್ರಿಸ್‌ಮಸ್ ರಜೆಗೆ ಇನ್ನು ಮೂರು ವಾರವಿದೆ ಎನ್ನುವಾಗ ನನ್ನ ಮಗಳ ಎರಡನೆಯ ತರಗತಿಯಲ್ಲಿ ಅಳತೆಯ ಪಾಠ ಆರಂಭವಾಯಿತು. ರಜೆಯೊಳಗೆ ಮುಗಿಯಲಿರುವ ಪಾಠಗಳೆಂದು ಡೈರಿಯಲ್ಲಿ ಬರೆದು ಕಳಿಸಿದ್ದ ಪಟ್ಟಿಯಲ್ಲಿ ಒತ್ತಕ್ಷರದ ಪದಗಳು, ಪಕ್ಕದ ಮನೆಯಿಂದ ದಶಕ ಸಾಲ ತಂದು ಕಳೆಯುವ ಲೆಕ್ಕ, ಐದರ ಮಗ್ಗಿ, ಋತುಗಳು ಎಲ್ಲವೂ ಇದ್ದವು. ಅವುಗಳಿಂದ ನಮ್ಮ ಮನೆಗೆ ಯಾವ ತೊಂದರೆಯೂ ಆಗಲಿಲ್ಲ. ಮಗ್ಗಿ ಬಾಯಲ್ಲೇ ಇರುತ್ತದೆ, ಒತ್ತಕ್ಷರ ಪುಸ್ತಕ ಬಿಟ್ಟು ಹೊರಗೆ ಬರುವುದಿಲ್ಲ. ಅಳತೆ ಮಾತ್ರ ಸಂಜೆ ನಾಲ್ಕಕ್ಕೆ ಮಗುವಿನ ಜೊತೆಗೇ ಶಾಲೆಯ ವ್ಯಾನಿನಿಂದಿಳಿದು ಮನೆಯೊಳಗೆ ಬಂದಿತು.

ಈ ತರಗತಿಯ ಮಕ್ಕಳಿಗೆ ಮೊದಲೇ ಸೆಂಟಿಮೀಟರು ಹೇಳಿಕೊಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೇಣು, ಹೆಜ್ಜೆ, ಬೆರಳು, ಪೆನ್ಸಿಲ್ಲುಗಳಿಂದ ಬೆಂಚನ್ನೂ ಬಾಗಿಲನ್ನೂ ಅಳೆಸುತ್ತಾರೆ. ಅದೇ ಬೆಂಚು ಒಬ್ಬಳಿಗೆ ಹತ್ತು ಗೇಣು, ಪಕ್ಕದವನಿಗೆ ಹನ್ನೆರಡು, ಮಿಸ್ಸಿಗೆ ಏಳೇ ಏಳು ಗೇಣು ಬರುತ್ತದೆ. ಆಗ ಮಕ್ಕಳು ತಾವೇ ಜಗಳವಾಡಿ, ಎಲ್ಲರಿಗೂ ಒಂದೇ ಆಗಿರುವ ಅಳತೆಗೋಲೊಂದು ಬೇಕೆಂಬ ತೀರ್ಮಾನಕ್ಕೆ ಬರಬೇಕು. ಬಹಳ ಒಳ್ಳೆಯ ಬೋಧನಾಕ್ರಮ, ಇದರಲ್ಲಿ ನನ್ನ ತಕರಾರೇನೂ ಇಲ್ಲ. ನನ್ನ ತಕರಾರಿರುವುದು ಕ್ಯಾಲೆಂಡರಿನ ಮೇಲೆ. ಗೇಣಿನ ಭಾಗ ರಜೆಗೆ ಮೊದಲು, ಸ್ಕೇಲಿನ ಭಾಗ ರಜೆ ಮುಗಿದ ಮೇಲೆ ಎಂದು ಹಂಚಿಕೆಯಾಗಿತ್ತು. ಹೀಗೆ ರೋಗ ಡಿಸೆಂಬರಿನಲ್ಲಿ ತಗುಲಿ, ಔಷಧ ಜನವರಿಗೆಂದು ನಿಗದಿಯಾಯಿತು.

ಮೊದಲ ನಷ್ಟ ಆದದ್ದು ಕಟ್ಟಿನಕೆರೆ ಮಾರುಕಟ್ಟೆಯಲ್ಲಿ. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು ಎಂದು ಹಿಂದಿನ ರಾತ್ರಿಯಷ್ಟೇ ಅಜ್ಜಿಯಿಂದ ಪಾಠ ಹೇಳಿಸಿಕೊಂಡಿದ್ದ ಮಗಳು ನನ್ನ ಹೆಂಡತಿಯೊಂದಿಗೆ ಹೂವು ತರಲು ಹೋಗಿದ್ದಳು. ಹೂವು ಮಾರುವ ಮುದುಕಿ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಎರಡು ಮೊಳ ಕಾಕಡ ಅಳೆದು ಕೊಟ್ಟರು. ಇವಳು ಅದನ್ನು ಅಲ್ಲೇ ಗೋಣಿಚೀಲದ ಮೇಲೆ ಹಾಸಿ, ತನ್ನ ಎಳೆಯ ಕೈಯಿಂದ ಗೇಣು ಹಾಕುತ್ತಾ ಹೋದಳು. ನಾಲ್ಕು ಗೇಣು ಬರಬೇಕಾದಲ್ಲಿ ಆರಕ್ಕಿಂತ ಸ್ವಲ್ಪ ಹೆಚ್ಚೇ ಬಂದಿತು. ಸತ್ಯ ಹೇಳಬೇಕೆಂಬುದನ್ನು ಒಂದನೆಯ ತರಗತಿಯಲ್ಲೇ ಕಲಿತಿದ್ದವಳು, ಸುತ್ತಲಿನ ನಾಲ್ಕು ಅಂಗಡಿಗಳಿಗೆ ಕೇಳಿಸುವಂತೆ, “ಹೂವಿನಜ್ಜೀ, ನೀವು ನಮಗೆ ಎರಡು ಗೇಣು ಜಾಸ್ತಿ ಕೊಟ್ಟುಬಿಟ್ಟಿದ್ದೀರಿ” ಎಂದಳು.

ಮೊಳ ಹಾಕುವಾಗ ಕೈ ಮಡಿಸುತ್ತಾರೆಂದು ಹೂವಿನವರ ಮೇಲೆ ಆಪಾದನೆ ಹೊರಿಸುತ್ತಲೇ ಬದುಕುವ ನಮ್ಮ ಊರಿನಲ್ಲಿ ಇಂತಹ ಮಾತನ್ನು ಆ ಮುದುಕಿ ತಮ್ಮ ಜೀವಮಾನದಲ್ಲಿ ಕೇಳಿರಲಾರರು. “ನೋಡಿ ಅಕ್ಕ, ಮಗ ಸುಳ್ಳು ಹೇಳೋದಿಲ್ಲ” ಎಂದು ಹಿಗ್ಗಿ, ಯಾವಾಗಲೂ ಕೊನೆಗೆ ಹಾಕುತ್ತಿದ್ದ ಕೊಸರನ್ನು ಹಾಕದೆ ಕಾಸು ತೆಗೆದುಕೊಂಡರು. ಹೆಂಡತಿಗೆ ಹೂವಿನ ನಷ್ಟಕ್ಕಿಂತ ಕೊಸರಿನ ನಷ್ಟವೇ ದೊಡ್ಡದಾಗಿ ಕಂಡಿತು. ಕೊಸರು ಎನ್ನುವುದು ಯಾವ ಅಳತೆಗೂ ಸೇರದ, ಕೊಡುವವರ ಮರ್ಜಿಯ ಪದಾರ್ಥ. ಒಮ್ಮೆ ನಿಂತರೆ ಕೇಳಿ ಪಡೆಯುವಂತಿಲ್ಲ.

ಎರಡನೆಯ ವಾರ ದ್ರವ ಮತ್ತು ಧಾನ್ಯಗಳ ಸರದಿ ಬಂದಿತು. ಮನೆಯಲ್ಲಿ ಹಳೆಯ ಅಳತೆಯ ಪಾತ್ರೆಗಳಿದ್ದರೆ ತರಬೇಕೆಂದು ಮಿಸ್ ಹೇಳಿದ್ದರಂತೆ. ಅಮ್ಮನ ಹಿತ್ತಾಳೆಯ ಪಾವು ಯಾರಿಗೂ ತಿಳಿಸದೆ ಶಾಲೆಯ ಚೀಲ ಸೇರಿತು. ಅದು ಅಮ್ಮನಿಗೆ ಅವರ ಅತ್ತೆಯಿಂದ ಬಂದದ್ದು. 1958ರ ಅಕ್ಟೋಬರಿನಲ್ಲಿ ದೇಶಕ್ಕೆ ಕಿಲೋಗ್ರಾಮು ಕಾಲಿಟ್ಟು, ಸೇರು, ಪಾವು, ಚಟಾಕುಗಳು ಅಂಗಡಿಗಳಿಂದ ಒಂದೊಂದಾಗಿ ಜಾಗ ಖಾಲಿ ಮಾಡಿದಾಗಲೂ ನಮ್ಮ ಅಡುಗೆಮನೆಯ ಅಕ್ಕಿ ಡಬ್ಬದಿಂದ ಕದಲದೆ ಉಳಿದಿದ್ದ ಆ ಪಾವನ್ನು ಎರಡನೆಯ ತರಗತಿಯ ಪಠ್ಯಕ್ರಮ ಒಂದೇ ಬೆಳಿಗ್ಗೆ ಎಬ್ಬಿಸಿಕೊಂಡು ಹೋಯಿತು. ಬದಲಿಗೆ ಕಾಫಿ ಲೋಟದಲ್ಲಿ ಅಕ್ಕಿ ಅಳೆದು ಕುಕ್ಕರಿಗಿಟ್ಟ ಅಮ್ಮ, ಮೊದಲ ದಿನ ಗಂಜಿಯನ್ನೂ ಎರಡನೆಯ ದಿನ ಅಕ್ಷತೆಯನ್ನೂ ಬಡಿಸಿದರು. ಮೂರನೆಯ ದಿನ ಯಾರೂ ಅನ್ನದ ಪ್ರಯೋಗಕ್ಕೆ ಮುಂದಾಗಲಿಲ್ಲ. ಅವರೆಕಾಳಿನ ಸಾರಿಗೆ ಮುದ್ದೆ ಮಾಡಿದರು. ಮುದ್ದೆಗೆ ಎಂದೂ ಅಳತೆ ಇಲ್ಲ, ಕೈಯೇ ಅಳತೆ ಎಂದು ಅಮ್ಮ ಹೇಳಿದ್ದನ್ನು ಮೊಮ್ಮಗಳು ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಪಾವು ವಾಪಸು ಬಂದಾಗ ಅದರ ಕೊರಳಿಗೊಂದು ಚೀಟಿ ಅಂಟಿತ್ತು. ‘ಪುರಾತನ ವಸ್ತು’ ಎಂದು ಅದರಲ್ಲಿ ಸ್ಕೆಚ್ ಪೆನ್ನಿನಿಂದ ಬರೆಯಲಾಗಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಸೋಮವಾರದವರೆಗೂ ಅಕ್ಕಿ ಅಳೆದದ್ದು ಗುರುವಾರಕ್ಕೆ ಪುರಾತನ ಹೇಗಾಯಿತು ಪುಟ್ಟಿ?” ಎಂದು ಕೇಳಿದರು. ಪುಟ್ಟಿ, ಒಂದು ಪಾವಿಗೆ ಎಷ್ಟು ಮುಚ್ಚಳ ನೀರು ಹಿಡಿಯುತ್ತದೆಂಬುದನ್ನು ಮಾತ್ರ ಹೇಳಿದಳು.

ನನ್ನ ಸರದಿ ಗಡಿಯಾರದ ಪಾಠದಲ್ಲಿ ಬಂದಿತು. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ಲುಗಳ ಮೇಲೆ ಬೆಂಗಳೂರಿಗೆ ನೇರ ರೈಲು ಮಾರ್ಗ 2017ರಲ್ಲಿ ತೆರೆದುಕೊಂಡ ಮೇಲೆ, ಕಚೇರಿಯ ಕೆಲಸವಿದ್ದಾಗಲೆಲ್ಲ ಬೆಳಗಿನ ರೈಲು ಹಿಡಿಯುವುದು ನನ್ನ ಅಭ್ಯಾಸ. ಆ ದಿನವೂ ಅಡುಗೆಮನೆಯ ಗೋಡೆ ಗಡಿಯಾರವನ್ನು ನೋಡಿಕೊಂಡು, ಚಳಿಯಲ್ಲಿ ಎರಡನೆಯ ಲೋಟ ಕಾಫಿಗೂ ಸಮಯವಿದೆ ಎಂದು ತೀರ್ಮಾನಿಸಿ, ನಿಧಾನವಾಗಿ ಕುಡಿದು ಹೊರಟೆ. ನಿಲ್ದಾಣ ತಲುಪಿದಾಗ ಪ್ಲಾಟ್‌ಫಾರಂ ಮೇಲೆ ಮಂಜು ಮತ್ತು ಒಂದು ನಾಯಿ ಇದ್ದವು. ರೈಲು ಹೋಗಿ ಹತ್ತು ನಿಮಿಷವಾಗಿತ್ತು.

ಸಂಜೆ ಬಸ್ಸಿನಲ್ಲಿ ಬೆನ್ನು ನೋಯಿಸಿಕೊಂಡು ಮರಳಿ ಬಂದು ವಿಚಾರಣೆ ನಡೆಸಿದಾಗ ಸಂಗತಿ ಹೊರಬಂದಿತು. ಹಿಂದಿನ ರಾತ್ರಿ ಗಡಿಯಾರ ಇಳಿಸಿಕೊಂಡು ಮುಳ್ಳುಗಳನ್ನು ತಿರುಗಿಸಿ ಅಭ್ಯಾಸ ಮಾಡಿದ ಮಗಳು, ಮರಳಿ ಗೋಡೆಗೆ ತೂಗುಹಾಕಿಸುವ ಮುಂಚೆ ಪ್ರಾಮಾಣಿಕವಾಗಿ ಸಮಯ ಸರಿಪಡಿಸಿಯೇ ಇದ್ದಳು. ಆಗ ಏಳು ಐವತ್ತಾಗಿತ್ತು. ಇವಳು ಇಟ್ಟದ್ದು ಏಳೂವರೆ. ಏಕೆಂದು ಕೇಳಿದ್ದಕ್ಕೆ, “ನಮಗೆ ಪೂರ್ತಿ ಗಂಟೆ, ಅರ್ಧ ಗಂಟೆ ಮಾತ್ರ ಆಗಿದೆ ಅಪ್ಪ. ನಿಮಿಷ ರಜೆ ಆದ ಮೇಲೆ” ಎಂದಳು. ಕಲಿಯದೇ ಇರುವ ಸಮಯವನ್ನು ಗಡಿಯಾರದಲ್ಲಿಡು ಎಂದು ಎರಡನೆಯ ತರಗತಿಯವರಿಗೆ ಯಾವ ಬಾಯಲ್ಲಿ ಹೇಳುವುದು?

ರಜೆಗೆ ಮುನ್ನಿನ ಕೊನೆಯ ಭಾನುವಾರ, ಒಂದು ದೊಡ್ಡ ವಸ್ತುವನ್ನು ಅಳೆದು ಬರೆಯಬೇಕೆಂಬ ಮನೆಗೆಲಸ ಬಾಕಿಯಿತ್ತು. ಬಾಗಿಲು, ಮಂಚ, ಅಲಮಾರುಗಳೆಲ್ಲ ಆಗಲೇ ಎರಡೆರಡು ಸಲ ಅಳೆಸಿಕೊಂಡು ಸುಸ್ತಾಗಿದ್ದವು. ಹಾಸನದಲ್ಲಿದ್ದುಕೊಂಡು ದೊಡ್ಡ ವಸ್ತುವಿಗೆ ಪರದಾಡುವುದೇಕೆ ಎಂದು ಎಲ್ಲರೂ ಸುಮಾರು 50 ಕಿಲೋಮೀಟರು ದೂರದ ಶ್ರವಣಬೆಳಗೊಳಕ್ಕೆ ಹೊರಟೆವು. ಡಿಸೆಂಬರಿನ ಬೆಳಗಿನಲ್ಲಿ ಬರಿಗಾಲಿಗೆ ಮಂಜುಗಡ್ಡೆಯಂತೆ ತಾಗುವ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮಗಳು ಗಟ್ಟಿಯಾಗಿ ಎಣಿಸುತ್ತಾ ಹತ್ತಿದಳು. ನಡುವೆ ಎಲ್ಲೋ ನಾನು ಏದುಸಿರಿನಲ್ಲಿ ಮಾತನಾಡಿಸಿ ಲೆಕ್ಕ ತಪ್ಪಿಸಿದ್ದಕ್ಕೆ ಮತ್ತೆ ಕೆಳಗಿನಿಂದ ಹತ್ತೋಣವೆಂದಳು. ಅಮ್ಮ ಡೋಲಿಯಲ್ಲಿ ಕುಳಿತು ನಮ್ಮನ್ನು ದಾಟಿ ಹೋದರು.

ಮೇಲೆ, ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ ಈ ಏಕಶಿಲೆಯ ಎತ್ತರ ಸುಮಾರು 57 ಅಡಿ ಎಂದು ನಾನು ತಂದೆಯ ಗಾಂಭೀರ್ಯದಿಂದ ವಿವರಿಸಿದೆ. “ಯಾರ ಅಡಿ?” ಎಂದು ಮಗಳು ಕೇಳಿದಳು. ಅಡಿ ಎಂದರೆ ಯಾರದ್ದೂ ಅಲ್ಲ, ಹನ್ನೆರಡು ಅಂಗುಲದ ಒಂದು ಅಳತೆ ಎಂದೆ. “ಅದು ರಜೆ ಆದ ಮೇಲೆ” ಎಂದಳು.

ಅವಳ ಪ್ರಕಾರ ಗೊಮ್ಮಟನನ್ನು ಗೊಮ್ಮಟನಿಂದಲೇ ಅಳೆಯಬೇಕಿತ್ತು. ಪಾದದ ಬಳಿ ಪೂಜೆಗೆ ಜನ ಸೇರಿದ್ದರಿಂದ ಪಾದ ಸರಿಯಾಗಿ ಕಾಣಲಿಲ್ಲ, ಮುಖ ಕಾಣುತ್ತಿತ್ತು. ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಶಾಂತವಾದ ಮುಖವನ್ನು ಹಿಡಿದು, ಹಾಗೆಯೇ ಕೆಳಕ್ಕಿಳಿಸುತ್ತಾ ಎಣಿಸತೊಡಗಿದಳು. ನಗಬೇಕೆಂದುಕೊಂಡವನು ಸುಮ್ಮನಾದೆ. ನಮ್ಮ ಶಿಲ್ಪಶಾಸ್ತ್ರದವರೂ ವಿಗ್ರಹವನ್ನು ಅದರದೇ ಮುಖದ ಉದ್ದದಿಂದ, ‘ತಾಳ’ವೆಂಬ ಲೆಕ್ಕದಲ್ಲಿ ಅಳೆಯುತ್ತಿದ್ದರು, ಆ ತಾಳವೆಂದರೆ ಗೇಣೇ. ಅವರೂ ರಜೆಗೆ ಮೊದಲಿನ ಭಾಗವನ್ನಷ್ಟೇ ಓದಿದ್ದರೆಂದು ತೋರುತ್ತದೆ. ಮಗಳಿಗೆ ಒಟ್ಟು ಎಂಟು ಮುಖ ಬಂದಿತು. ಅಲ್ಲಿಗೇ ನಿಲ್ಲಿಸದೆ ನನ್ನನ್ನು ಪೌಳಿಯ ಗೋಡೆಗೆ ಆನಿಸಿ ನಿಲ್ಲಿಸಿ, ಅದೇ ಒಂದು ಕಣ್ಣಿನಿಂದ ನನ್ನನ್ನೂ ಅಳೆದಳು. ದರ್ಶನಕ್ಕೆ ಬಂದವರು ನಿಂತು ನೋಡಿದರು.

ರಜೆ ಕೊಡುವ ದಿನ ಬೆಳಿಗ್ಗೆ ನೋಟ್‌ಬುಕ್ಕು ನನ್ನ ಮುಂದೆ ಬಂದಿತು. ‘ಗೊಮ್ಮಟ – 8 ಮುಖ. ಅಪ್ಪ – 8 ಮುಖ. ಇಬ್ಬರೂ ಒಂದೇ ಎತ್ತರ’ ಎಂದು ದುಂಡಗೆ, ಒತ್ತಕ್ಷರ ಒಂದೂ ತಪ್ಪದಂತೆ ಬರೆದಿತ್ತು. ಅದರ ಕೆಳಗೆ ಪೋಷಕರ ರುಜುವಿಗೆ ಜಾಗ ಬಿಟ್ಟಿತ್ತು. ವ್ಯಾನಿನವನು ಹಾರನ್ನು ಹೊಡೆಯುತ್ತಿದ್ದ. ನಾನು ಎದೆ ಸೆಟೆಸಿಕೊಂಡು ರುಜು ಹಾಕಿದೆ.